ಮನೆಯೊಳಗೇ ಕಳೆದುಹೋದ ನಾಣ್ಯ

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಶಿವಾಜಿನಗರದ ಬಸಿಲಿಕಾದತ್ತ ಕಾವಿಯುಡುಗೆಯ ಜನಸ್ತೋಮ ಹರಿದುಬರುತ್ತದೆ. ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಿಂದ ಕುಟುಂಬ ಸಮೇತರಾಗಿ ಬರುವವರೂ ಅದರಲ್ಲಿ ಸೇರಿರುತ್ತಾರೆ. ತೇರಿನ ಮುಂದೆ ಕೈಮುಗಿದು ನಿಂತ ಕೆಲವು ತಾಯಿತಂದೆಯರ ಮನದಲ್ಲಿ ಹೊರಗೆ ಹೇಳಿಕೊಳ್ಳಲಾಗದ ಕೊರಗೊಂದು ಇರುತ್ತದೆ. ಬೆಳೆದ ಮಗನೋ ಮಗಳೋ ಜೊತೆಗಿಲ್ಲ. ಬಂಧುಗಳು ವಿಚಾರಿಸಿದರೆ "ಆಫೀಸಿನಲ್ಲಿ ಕೆಲಸ ಜಾಸ್ತಿ" ಎಂಬ ಉತ್ತರ ಸಿದ್ಧವಾಗಿದೆ. ನಿಜವಾದ ಉತ್ತರ ಬೇರೆ. "ನನಗೆ ಈ ಚರ್ಚೂ ಬೇಡ, ಈ ಧರ್ಮವೂ ಬೇಡ" ಎಂದು ಆ ಮಗು ಹೇಳಿ ವರ್ಷಗಳೇ ಆಗಿವೆ.

ನಮ್ಮ ಭಾಗದಲ್ಲಿ ಈ ಮಾತಿನ ಭಾರ ಹೆಚ್ಚು. 1809ರಲ್ಲಿ ದಂಡು ಸ್ಥಾಪನೆಯಾದ ಮೇಲೆ ಸೈನ್ಯದ ಬೆನ್ನಹಿಂದೆ ತಮಿಳು ಸೀಮೆಯಿಂದ ಬಂದ ಕಥೋಲಿಕ ಕುಟುಂಬಗಳಿಗೂ, 1940ರ ಎಚ್.ಎ.ಎಲ್., 1948ರ ಐ.ಟಿ.ಐ. ಕಾರ್ಖಾನೆಗಳ ಕೆಲಸಕ್ಕೆ ಬಂದು ನೆಲೆನಿಂತವರಿಗೂ ಧರ್ಮಕೇಂದ್ರವೆಂಬುದು ಕೇವಲ ಪ್ರಾರ್ಥನೆಯ ಸ್ಥಳವಾಗಿರಲಿಲ್ಲ. ಮಕ್ಕಳ ಶಾಲೆ, ಅರ್ಜಿಗೆ ಬೇಕಾದ ಪತ್ರ, ಮದುವೆಯ ಸಂಬಂಧ, ಕೊನೆಗೆ ಮಣ್ಣಾಗುವ ಆರಡಿ ನೆಲ ಎಲ್ಲವೂ ಅಲ್ಲಿಂದಲೇ ಒದಗುತ್ತಿತ್ತು. ಇದರ ಇನ್ನೊಂದು ಮುಖವನ್ನು ನಾವು ಗಮನಿಸುವುದು ಕಡಿಮೆ. ಅಲ್ಲಿ ನೋವುಂಡ ಮಗುವಿಗೆ ಓಡಿಹೋಗಲು ಬೇರೆ ಜಾಗವಿರಲಿಲ್ಲ. ಉಪದೇಶಿಯವರು ಹೊಡೆದರೆಂದು ಮನೆಯಲ್ಲಿ ದೂರು ಹೇಳಿದರೆ "ನೀನೇ ಏನಾದರೂ ಮಾಡಿರಬೇಕು" ಎಂದು ಮತ್ತೆರಡು ಏಟು ಬೀಳುತ್ತಿದ್ದವು.

ಅವರು ಹೇಳುವುದೇನು?

ಧರ್ಮವನ್ನು ತೊರೆದವರು ಯಾವುದೋ ನಾಸ್ತಿಕ ಗ್ರಂಥವನ್ನು ಓದಿ ಕೆಟ್ಟರೆಂದು ಭಾವಿಸುವುದು ನಮಗೆ ಸುಲಭ. ಅವರೊಡನೆ ಸಾವಧಾನವಾಗಿ ಕುಳಿತರೆ ಕೇಳಿಬರುವುದು ಬಹುಮಟ್ಟಿಗೆ ಏಳರಿಂದ ಹನ್ನೆರಡರ ವಯಸ್ಸಿನ ಕಥೆ. ಜ್ಞಾನೋಪದೇಶದ ತರಗತಿಯಲ್ಲಿ ಉತ್ತರ ತಪ್ಪಿದ್ದಕ್ಕೆ ಬೆತ್ತದ ಏಟು. ಒಂದು ಭಾನುವಾರದ ಪೂಜೆ ತಪ್ಪಿದ್ದಕ್ಕೆ ನರಕದ ಬೆಂಕಿಯ ವರ್ಣನೆ. ಹುಟ್ಟುತ್ತಲೇ ತೀರಿಕೊಂಡ ತಮ್ಮನಿಗೆ ಜ್ಞಾನಸ್ನಾನವಾಗಿರಲಿಲ್ಲವಾದ್ದರಿಂದ ಸ್ವರ್ಗದಲ್ಲಿ ಅವನಿಗೆ ಜಾಗವಿಲ್ಲವೆಂಬ ಮಾತು. ನೇಣು ಹಾಕಿಕೊಂಡ ಚಿಕ್ಕಪ್ಪನಿಗೆ ಗಂಟೆಯೂ ಇಲ್ಲ, ಪ್ರಾರ್ಥನೆಯೂ ಇಲ್ಲ ಎಂಬ ತೀರ್ಮಾನ. ಬಾಕಿ ಉಳಿದ ಚಂದಾ ಹಣಕ್ಕಾಗಿ ಎಲ್ಲರೆದುರು ಅಪ್ಪನ ಹೆಸರನ್ನು ಕೂಗಿದ್ದು. "ನಿಮ್ಮದು ಯಾವ ಕೇರಿ?" ಎಂದು ಕೇಳಿ, ಜಾತಿಯನ್ನು ಅಳೆದು, ಮಗುವನ್ನು ಹಿಂದಿನ ಸಾಲಿಗೆ ಕಳಿಸಿದ್ದು. ಇವೆಲ್ಲಕ್ಕಿಂತ ಘೋರವಾದುದೂ ಉಂಟು: ನಂಬಿಕೆಗೆ ಪಾತ್ರನಾಗಬೇಕಾದವನೇ ಮಗುವಿನ ದೇಹಕ್ಕೆ ಕೈಹಾಕಿದ್ದು.

ಇವೆಲ್ಲ ಒಂದೇ ತೂಕದವಲ್ಲ. ಕೆಲವು ಒರಟುತನ, ಕೆಲವು ಅಜ್ಞಾನ, ಕೊನೆಯದು ಅಪರಾಧ. ಆದರೆ ಮಗುವಿನ ಮನಸ್ಸು ಈ ವಿಂಗಡಣೆಯನ್ನು ಅರಿಯದು. ಬೆತ್ತ ಹಿಡಿದ ಕೈಯೇ ಅದಕ್ಕೆ ದೇವರ ಕೈ.

ಧರ್ಮಸಭೆಯೇ ಕೈಬಿಟ್ಟದ್ದು

ಈ ಮಕ್ಕಳು ಅಂದು ಮನಸ್ಸಿನಲ್ಲಿ ತಿರಸ್ಕರಿಸಿದ ಎಷ್ಟೋ ಸಂಗತಿಗಳನ್ನು ಧರ್ಮಸಭೆಯೇ ಮುಂದೆ ಕೈಬಿಟ್ಟಿದೆ ಎಂಬುದನ್ನು ಕುಟುಂಬಗಳು ತಿಳಿಯಬೇಕು. ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಅಂತ್ಯಕ್ರಿಯೆಯನ್ನು 1917ರ ಕಾನೂನು ಸಂಹಿತೆ ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿರ್ಬಂಧ ಇಲ್ಲ. ತೀವ್ರ ಮನೋವೇದನೆ, ಭಯ, ಯಾತನೆಗಳು ಮನುಷ್ಯನ ಹೊಣೆಯನ್ನು ಕುಗ್ಗಿಸುತ್ತವೆಂದೂ, ಅಂತಹವರ ರಕ್ಷಣೆಯ ಕುರಿತು ನಿರಾಶರಾಗಬಾರದೆಂದೂ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ರಕ್ಷಣೆಯನ್ನು ನಿರೀಕ್ಷಿಸಲು ದೃಢವಾದ ಆಧಾರಗಳಿವೆ ಎಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ನಿರೂಪಿಸಿತು. ತಮ್ಮನಿಗಾಗಿ ಅತ್ತ ಆ ಬಾಲಕಿಯ ಹೃದಯ ದೇವರಿಂದ ದೂರವಾಗಿತ್ತೆಂದು ಇಂದು ಯಾರು ಹೇಳಬಲ್ಲರು?

ಜ್ಞಾನೋಪದೇಶದ ಕ್ರಮವೂ ಬದಲಾಗಬೇಕಾಯಿತು. 1910ರಲ್ಲಿ ಜಗದ್ಗುರು ಹತ್ತನೆಯ ಪಿಯೂಸರು ಪ್ರಥಮ ಪರಮಪ್ರಸಾದದ ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದ್ದು ಮಕ್ಕಳನ್ನು ಯೇಸುವಿನ ಹತ್ತಿರಕ್ಕೆ ತರಲೆಂದೇ. ಆದರೆ ಅಷ್ಟು ಎಳೆಯ ವಯಸ್ಸಿಗೆ ಪಾಪನಿವೇದನೆಯೂ ಬಂದಿತು. ಹೇಳಿಕೊಡುವವರಿಗೆ ಮಗುವಿನ ಮನಸ್ಸಿನ ತಿಳಿವಳಿಕೆ ಇಲ್ಲದಲ್ಲಿ ಅದರೊಡನೆ ಭಯವೂ ಬಂದಿತು. ನಮ್ಮ ಈ ಪೂರ್ವ ಬೆಂಗಳೂರಿನಲ್ಲೇ, ಹಚಿನ್ಸ್ ರಸ್ತೆಯಲ್ಲಿ, ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಗಳ ರಾಷ್ಟ್ರೀಯ ಕೇಂದ್ರವಿದೆ. ಫಾದರ್ ಡಿ.ಎಸ್. ಅಮಲೋರ್ಪವದಾಸ್‌ರವರ ನೇತೃತ್ವದಲ್ಲಿ 1967ರಲ್ಲಿ ಆರಂಭವಾದ ಆ ಕೇಂದ್ರ ನಂಬಿಕೆಯ ಬೋಧನೆಯ ನವೀಕರಣಕ್ಕಾಗಿಯೇ ದುಡಿಯಿತು. ಪ್ರಶ್ನೋತ್ತರದ ಬಾಯಿಪಾಠ ಸಾಲದು, ಕಲಿಯುವವನ ಬದುಕಿನ ಅನುಭವದಿಂದಲೇ ಪಾಠ ತೊಡಗಬೇಕು ಎಂಬುದು ಆ ನವೀಕರಣದ ತಿರುಳು.

ಅಗಸ್ಟೀನರ ಬಾಲ್ಯ

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಮೊದಲ ಭಾಗದಲ್ಲೇ ಶಾಲೆಯ ಏಟುಗಳನ್ನು ನೆನೆಯುತ್ತಾರೆ. ಹೊಡೆತ ಬೀಳದಿರಲೆಂದು ಆ ಬಾಲಕ ದೇವರಲ್ಲಿ ಮೊರೆಯಿಡುತ್ತಿದ್ದ. ತಂದೆತಾಯಿಯರೂ ಸೇರಿದಂತೆ ಹಿರಿಯರು ನಗುತ್ತಿದ್ದರು. ಹತ್ತೊಂಬತ್ತರ ಪ್ರಾಯದಲ್ಲಿ ಅವರು ತಾಯಿಯ ನಂಬಿಕೆಯನ್ನು ಬಿಟ್ಟು ಮಾನಿಕೇಯರನ್ನು ಸೇರಿದರು. ಆ ಪಂಥ ಬಲವಂತದ ನಂಬಿಕೆಯನ್ನಲ್ಲ, ತರ್ಕಬದ್ಧ ಉತ್ತರಗಳನ್ನು ಕೊಡುವುದಾಗಿ ಹೇಳಿತ್ತು. ಅವರು ಜ್ಞಾನಸ್ನಾನ ಪಡೆದದ್ದು 387ರಲ್ಲಿ, ಮೂವತ್ತು ದಾಟಿದ ಮೇಲೆ. ತಾಯಿ ಮೋನಿಕಮ್ಮನವರ ಕಣ್ಣೀರನ್ನು ನಾವು ಪ್ರಸಂಗಗಳಲ್ಲಿ ಕೊಂಡಾಡುತ್ತೇವೆ. ಮಗನ ಪ್ರಶ್ನೆಗಳನ್ನು ಹೀಗಳೆಯದೆ, ಮೊದಲು ಆದರದಿಂದ ಬರಮಾಡಿಕೊಂಡ ಧರ್ಮಾಧ್ಯಕ್ಷ ಆಂಬ್ರೋಸರನ್ನು ಅಷ್ಟಾಗಿ ನೆನೆಯುವುದಿಲ್ಲ.

ಇಲ್ಲಿ ತತ್ತ್ವಶಾಸ್ತ್ರದ ಒಂದು ವಿವೇಚನೆ ಅಗತ್ಯ. ಮನುಷ್ಯ ನಿರಾಕರಿಸುವುದು ದೇವರನ್ನೋ, ತನಗೆ ತೋರಿಸಲಾದ ದೇವರ ಚಿತ್ರವನ್ನೋ? ಎರಡನೆಯ ಶತಮಾನದಲ್ಲಿ ರೋಮನರು ಕ್ರೈಸ್ತರನ್ನೇ ನಾಸ್ತಿಕರೆಂದು ದೂರಿದಾಗ, ನೀವು ಹೇಳುವಂತಹ ದೇವರುಗಳ ವಿಷಯದಲ್ಲಿ ನಾವು ನಾಸ್ತಿಕರೇ ಹೌದು ಎಂದು ಸಂತ ಜಸ್ಟಿನರು ಒಪ್ಪಿಕೊಂಡಿದ್ದರು. ಮಕ್ಕಳನ್ನು ಹೆದರಿಸಿ ಸಂತೋಷಪಡುವ ದೇವರನ್ನು ನಿಮ್ಮ ಮಗ ನಂಬುವುದಿಲ್ಲವಾದರೆ, ಆ ದೇವರನ್ನು ನಾವೂ ನಂಬುವುದಿಲ್ಲ. ನಂಬಿಗಸ್ತರ ಲೋಪಗಳೇ ದೇವರ ನಿಜಮುಖವನ್ನು ಮರೆಮಾಡಿ ನಾಸ್ತಿಕತೆಗೆ ಕಾರಣವಾಗಬಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದೇ ಒಪ್ಪಿಕೊಂಡಿತು. ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂಬ ಘೋಷಣೆಯೂ ಅದೇ ದಿನ ಹೊರಬಂದಿತು.

ಆದರೆ ಒಂದು ಎಚ್ಚರಿಕೆ ಬೇಕು. "ಪಾಪ, ಚಿಕ್ಕಂದಿನಲ್ಲಿ ಏಟು ತಿಂದವನು, ಅದಕ್ಕೇ ಹೀಗಾದ" ಎಂದು ಮರುಕಪಡುವುದೂ ಅವಮಾನವೇ. ನೋವು ಪ್ರಶ್ನೆಯನ್ನು ಹುಟ್ಟಿಸಿರಬಹುದು. ಉತ್ತರವನ್ನು ಆತ ವಿವೇಚನೆಯಿಂದಲೇ ಕಂಡುಕೊಂಡಿರಬಹುದು. ಅವನ ವಾದವನ್ನು ವಾದವೆಂದೇ ಆಲಿಸಬೇಕು, ರೋಗಲಕ್ಷಣವೆಂದಲ್ಲ.

ಕುಟುಂಬಗಳು ಮಾಡಬೇಕಾದುದು

ಮೊದಲನೆಯದಾಗಿ, ಹೇಳಿದ್ದನ್ನು ನಂಬಿರಿ. "ಆ ಕಾಲದಲ್ಲಿ ಎಲ್ಲರೂ ಹೊಡೆಯುತ್ತಿದ್ದರು" ಎಂಬ ಸಮರ್ಥನೆ ಗಾಯವನ್ನು ಮಾಯಿಸದು.

ಎರಡನೆಯದಾಗಿ, ಇಂದು ಯಾವುದೇ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದುಬಂದರೆ ಅದನ್ನು ಧರ್ಮಕೇಂದ್ರದ ಕೋಣೆಯಲ್ಲಿ ಬಗೆಹರಿಸುವಂತಿಲ್ಲ. 2012ರ ಪೋಕ್ಸೊ ಕಾಯಿದೆಯಂತೆ, ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿ 1098. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2019ರಲ್ಲಿ ಹೊರಡಿಸಿದ ಆದೇಶ ಗುರುಗಳೂ ಕನ್ಯಾಸ್ತ್ರೀಯರೂ ಇಂತಹ ವಿಷಯವನ್ನು ಧರ್ಮಸಭೆಯ ಅಧಿಕಾರಿಗಳಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿತು. ಅದು ದೇಶದ ಕಾನೂನಿಗೆ ಪರ್ಯಾಯವಲ್ಲ.

ಮೂರನೆಯದು ಮೊಮ್ಮಕ್ಕಳ ಜ್ಞಾನಸ್ನಾನ. ತಂದೆತಾಯಿಯರಿಗೆ ತಿಳಿಯದಂತೆ ಅಜ್ಜಿಯರು ಮಗುವನ್ನು ಗುಡಿಗೆ ಕರೆತರುವ ಪ್ರಯತ್ನಗಳು ಪ್ರೀತಿಯಿಂದಲೇ ಹುಟ್ಟಿದ್ದರೂ ಸರಿಯಲ್ಲ. ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟರೆ, ತಂದೆತಾಯಿಯರಲ್ಲಿ ಒಬ್ಬರಾದರೂ ಒಪ್ಪಬೇಕು, ಮಗು ಕಥೋಲಿಕ ನಂಬಿಕೆಯಲ್ಲಿ ಬೆಳೆಯುವ ಭರವಸೆಯೂ ಇರಬೇಕು ಎಂಬುದು ಸಂಹಿತೆಯ ನಿಯಮ. ಕದ್ದು ಕೊಡಿಸಿದ ಸಂಸ್ಕಾರ ಮನೆಯಲ್ಲಿ ಎರಡನೆಯ ಗಾಯವಾದೀತು.

ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಮೂರು ಸಾಮತಿಗಳಿವೆ. ಕುರಿ ಅಲೆದು ಕಳೆದುಹೋಯಿತು. ಮಗ ತಾನಾಗಿ ಹೊರಟುಹೋದ. ನಾಣ್ಯವಾದರೋ ಮನೆಯೊಳಗೇ, ತನ್ನ ತಪ್ಪಿಲ್ಲದೆಯೇ ಕಳೆದುಹೋಯಿತು. ಆ ಹೆಂಗಸು ನಾಣ್ಯವನ್ನು ಬೈಯಲಿಲ್ಲ. ದೀಪ ಹಚ್ಚಿ ಮನೆಯನ್ನು ಗುಡಿಸಿದಳು. ನಮ್ಮ ಧರ್ಮಕೇಂದ್ರಗಳಿಗೂ ಮನೆಗಳಿಗೂ ಇಂದು ಬೇಕಾದುದು ಆ ಪೊರಕೆಯೇ. ಗುಡಿಸಿದ ಮೇಲೂ ಕೆಲವರು ಹಿಂದಿರುಗಲಾರರು. ಅವರ ನಿರ್ಧಾರವನ್ನು ಗೌರವಿಸೋಣ. ಮುಂದಿನ ಕ್ರಿಸ್ಮಸ್ಸಿನ ಊಟಕ್ಕೆ ಆ ಮಗನನ್ನು ಕರೆಯಿರಿ, "ಪೂಜೆಗೆ ಬಂದೆಯಾ?" ಎಂದು ಕೇಳದೆ ಬಡಿಸಿರಿ.