ತೆರೆಯ ಮೇಲಿನ ಗಂಡಸು

ಗಂಡಸು ಹೇಗಿರಬೇಕು ಎಂಬುದಕ್ಕೆ ಕನ್ನಡ ಚಿತ್ರರಂಗ 1972ರಲ್ಲಿ ಎರಡು ಮಾದರಿ ಕೊಟ್ಟಿತು. ಸಿದ್ಧಲಿಂಗಯ್ಯ ನಿರ್ದೇಶನದ ‘ಬಂಗಾರದ ಮನುಷ್ಯ’ದಲ್ಲಿ ರಾಜ್‌ಕುಮಾರ್ ಮಾಡಿದ ರಾಜೀವ ಅಕ್ಕನ ಸಂಸಾರಕ್ಕಾಗಿ ಹೊಲದಲ್ಲಿ ದುಡಿಯುವವನು. ಅಕ್ಕನ ಮಗನೇ ಹಂಗಿಸಿದಾಗ ಎದುರಾಡದೆ ಊಟದ ನಡುವೆಯೇ ಎದ್ದು ಹೋಗುತ್ತಾನೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ರಾಮಾಚಾರಿ, ಅಂದರೆ ವಿಷ್ಣುವರ್ಧನ್, ಹಟಮಾರಿ, ಮುಂಗೋಪಿ. ಚಾಮಯ್ಯ ಮೇಷ್ಟ್ರಿಗೆ ಮಾತ್ರ ಬಗ್ಗುವವನು. ರಾಜೀವನನ್ನು ನೋಡಿ ಬೇಸಾಯಕ್ಕೆ ಮರಳಿದ ಯುವಕರ ಕತೆಗಳು ಈಗಲೂ ಕೇಳಿಬರುತ್ತವೆ. ಚಿತ್ರರಂಗ ಮಾತ್ರ ಹಿಡಿದದ್ದು ರಾಮಾಚಾರಿಯ ಜಾಡನ್ನು.

ಉಪೇಂದ್ರರ ‘ಓಂ’ (1995) ಆ ಸಿಟ್ಟಿಗೆ ಮಚ್ಚು ಕೊಟ್ಟಿತು. ಅರ್ಚಕರ ಮಗ ಸತ್ಯ ರೌಡಿಯಾಗುವ ಈ ಕತೆಯಲ್ಲಿ ನಿಜವಾದ ರೌಡಿಗಳೇ ನಟಿಸಿದ್ದರು. ಅಲ್ಲಿಂದ ಮಚ್ಚು ಹಿಡಿದ ನಾಯಕರ ದಂಡೇ ಬಂತು. ಇವರ ಒರಟುತನಕ್ಕೆ ರಿಯಾಯಿತಿ ಸಿಗುವುದು ತಾಯಿಯಿಂದ. ‘ಜೋಗಿ’ (2005) ತಾಯಿ-ಮಗನ ಕಣ್ಣೀರಿನ ಮೇಲೆಯೇ ನಿಂತಿದೆ. ‘ಕೆಜಿಎಫ್’ (2018) ನಾಯಕ ರಾಕಿಯ ಅಧಿಕಾರದಾಹದ ಹಿಂದೆಯೂ ತಾಯಿಗೆ ಕೊಟ್ಟ ಮಾತಿದೆ. ತಾಯಿಯ ಮುಂದೆ ಮಗುವಾಗುವ ಇದೇ ಗಂಡಸು ಮೆಚ್ಚಿದ ಹುಡುಗಿಯ ಒಪ್ಪಿಗೆ ಕೇಳುವುದಿಲ್ಲ, ಬೆನ್ನು ಬೀಳುತ್ತಾನೆ. ಬೇಡ ಎಂದವಳು ಮೂರನೇ ಹಾಡಿನ ಹೊತ್ತಿಗೆ ಒಪ್ಪಿರುತ್ತಾಳೆ! ‘ಕಾಂತಾರ’ದಲ್ಲಿ (2022) ನಾಯಕ ಶಿವ ನಾಯಕಿ ಲೀಲಾಳ ಸೊಂಟ ಚಿವುಟುವ ದೃಶ್ಯಕ್ಕೆ ಟೀಕೆ ಬಂತು, ಹಿಂದಾದರೆ ಅದು ಬರೀ ತುಂಟಾಟವೆನಿಸಿಕೊಳ್ಳುತ್ತಿತ್ತು.

ನಾಯಕನ ಗಂಡಸುತನ ಎದ್ದುಕಾಣಲು ಪಕ್ಕದಲ್ಲೊಬ್ಬ ಅಂಜುಬುರುಕ ಬೇಕು. ಹೆಂಡತಿಗೆ ಹೆದರುವವನು, ಹೆಣ್ಣಿನ ನಡಿಗೆಯವನು ನಗೆಗೆ ಮೀಸಲು. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರ ಆ ನಗೆಯನ್ನು ಬಿಟ್ಟು, ಗಂಡಾಗಿ ಹುಟ್ಟಿದರೂ ಹೆಣ್ಣಾಗಿ ಬದುಕುವವಳ ಪಾಡನ್ನು ತೋರಿಸಿತು. ಆ ಪಾತ್ರ ಮಾಡಿದ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರವದು.

ಸಿನಿಮಾದ ಆ ನಗೆಯನ್ನೇ ಹಿಡಿದು ಟಿವಿ ಜಾಹೀರಾತು ಗಂಡಸಿನ ಮೈಬಣ್ಣಕ್ಕೂ ಕೈಹಾಕಿತು. 2005ರಲ್ಲಿ ಗಂಡಸರಿಗೆಂದೇ ಬಿಳುಪಿನ ಕ್ರೀಮ್ ಬಂದಾಗ, ಹೆಂಗಸರ ಕ್ರೀಮನ್ನು ಕದ್ದು ಹಚ್ಚಿಕೊಳ್ಳುವವನನ್ನು ಆಡಿಕೊಂಡೇ ಸರಕು ಮಾರಲಾಯಿತು.

ಇದರ ನಡುವೆಯೇ ಮಚ್ಚು ಹಿಡಿಯದ ನಾಯಕರೂ ಬಂದರು. ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ಯಲ್ಲಿ (2006) ಗಣೇಶ್ ಮೊಲದೊಂದಿಗೆ ಹರಟುತ್ತ, ಅಳುತ್ತ, ಕೊನೆಗೆ ಹುಡುಗಿಯನ್ನು ಬಿಟ್ಟುಕೊಡುತ್ತಾನೆ. ಜನ ಮುಗಿಬಿದ್ದು ನೋಡಿದರು. ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017) ಇನ್ನೂ ಮುಂದೆ ಹೋಯಿತು. ಅದರ ನಾಯಕ ಬೋಳುತಲೆಯ ಕನ್ನಡ ಉಪನ್ಯಾಸಕ ಜನಾರ್ದನ. ಯಾರನ್ನೂ ಹೊಡೆಯುವುದಿಲ್ಲ, ಹೆಣ್ಣು ಸಿಗದೆ ಒದ್ದಾಡುತ್ತಾನೆ. ತನ್ನ ತಲೆಯನ್ನು ಆಡಿಕೊಂಡಾಗ ನೋಯುವ ಅವನೇ ದಪ್ಪಗಿನ ಹುಡುಗಿಯನ್ನು ಕಂಡು ಹಿಂಜರಿಯುತ್ತಾನೆ. ಈ ಸಣ್ಣತನವನ್ನೂ ಚಿತ್ರ ಮುಚ್ಚಿಡುವುದಿಲ್ಲ.