ಜೀಪಿಗೆ ಬೇರೆ ಟ್ರಾನ್ಸ್‌ಫರ್ ಕೇಸ್
ಗೇರ್‌ಬಾಕ್ಸಿನಿಂದ ಬರುವ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಭಾಗವೇ ಟ್ರಾನ್ಸ್‌ಫರ್ ಕೇಸ್. ಹಳೆಯ ಜೀಪ್ ರ‍್ಯಾಂಗ್ಲರ್‌ಗಳ ಎನ್‌ಪಿ 231 ಕೇಸಿನಲ್ಲಿ ಲೋ ಗೇರ್ ಅನುಪಾತ 2.72. ರ‍್ಯಾಂಗ್ಲರ್‌ನ ರುಬಿಕಾನ್ ಮಾದರಿಯೊಂದಿಗೆ 2003ರಲ್ಲಿ ಬಂದ ಎನ್‌ವಿ 241 ಓಆರ್‌ನಲ್ಲಿ ಅದು 4. ಹಳೆಯ ಕೇಸಿನ ಬದಲು ಇದನ್ನು ಕೂರಿಸಿದರೆ ಲೋ ಗೇರಿನಲ್ಲಿ ಚಕ್ರಗಳಿಗೆ ಸಿಗುವ ಎಳೆತ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ, ವೇಗ ಅಷ್ಟೇ ತಗ್ಗುತ್ತದೆ. ಬಂಡೆಗಳ ಮೇಲೆ ಗಾಡಿಯನ್ನು ಹಿಡಿತ ತಪ್ಪದಂತೆ ಹತ್ತಿಸಲು ಬೇಕಾದದ್ದು ಇದೇ.

ಕೊಳ್ಳುವ ಮುನ್ನ ಮೂರು ವಿಷಯ ನೋಡಬೇಕು: ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳಿಗೆ ಕೇಸಿನ ಹಲ್ಲುಗಳು ಕೂಡಬೇಕು, ಬೋಲ್ಟ್ ತೂತುಗಳು ಹೊಂದಬೇಕು, ಮುಂದಿನ ಶಾಫ್ಟ್ ಹೊರಡುವ ಬದಿಯಲ್ಲೇ ಮುಂದಿನ ಆಕ್ಸಲ್‌ನ ಡಿಫರೆನ್ಷಿಯಲ್ ಇರಬೇಕು.

ಕೇಸಿನ ಉದ್ದ ಬದಲಾದರೆ ಕೇಸಿನಿಂದ ಆಕ್ಸಲ್‌ಗಳಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್‌ಗಳನ್ನೂ ಹೊಸ ಅಳತೆಗೆ ಮಾಡಿಸಬೇಕು. ಅಳತೆಯನ್ನು ಗಾಡಿಯ ಭಾರ ಚಕ್ರಗಳ ಮೇಲಿರುವಾಗಲೇ ತೆಗೆಯಬೇಕು. ಕೊನೆಗೆ ಲಿವರ್ ಜೋಡಣೆ, ಸ್ಪೀಡೋಮೀಟರ್ ಮತ್ತು ಆಯಿಲ್ ಮಟ್ಟ ಪರೀಕ್ಷಿಸಬೇಕು.