ಲೋಕಸಭೆಯ ಗಿಲೋಟಿನ್

ಆಯವ್ಯಯ ಅಧಿವೇಶನದ ದಿನಗಳಲ್ಲಿ ‘ಇಂದು ಲೋಕಸಭೆಯಲ್ಲಿ ಗಿಲೋಟಿನ್’ ಎಂಬ ಶೀರ್ಷಿಕೆಯನ್ನು ಕಂಡು ಗೃಹಸ್ಥರೊಬ್ಬರು ಬೆಚ್ಚಿದರೆ ಅದು ಅವರ ತಪ್ಪಲ್ಲ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ರಾಜನ ತಲೆಯನ್ನೂ ರಾಣಿಯ ತಲೆಯನ್ನೂ ಉರುಳಿಸಿದ ಯಂತ್ರದ ಹೆಸರದು.

ಸೋಜಿಗವೆಂದರೆ, ಹೆಸರು ಕೊಟ್ಟ ಜೋಸೆಫ್ ಗಿಲೋಟಿನ್ ಕಟುಕನಲ್ಲ, ವೈದ್ಯ, ಮರಣದಂಡನೆಯೇ ಕೂಡದೆನ್ನುತ್ತಿದ್ದವನು. ಆಗ ಕುಲೀನರಿಗೆ ಖಡ್ಗ, ಬಡವರಿಗೆ ನೇಣು ಎಂದು ಸಾವಿನಲ್ಲಿಯೂ ಪಂಕ್ತಿಭೇದವಿತ್ತು. ದಂಡನೆ ತಪ್ಪದಿದ್ದರೆ ಎಲ್ಲರಿಗೂ ಒಂದೇ ಬಗೆಯಾಗಲಿ, ಯಂತ್ರದಿಂದ ಕ್ಷಣದಲ್ಲಿ ಮುಗಿಯಲಿ ಎಂದು ಅವನು 1789ರಲ್ಲಿ ಸಭೆಗೆ ಸೂಚಿಸಿದ. ಯಂತ್ರವನ್ನು ರೂಪಿಸಿದವನು ಆಂತ್ವಾನ್ ಲೂಯಿ ಎಂಬ ಶಸ್ತ್ರವೈದ್ಯ. ಅದು 1792ರ ಏಪ್ರಿಲ್‌ನಲ್ಲಿ ಕೆಲಸಕ್ಕಿಳಿಯಿತು. ಮೊದಮೊದಲು ‘ಲೂಯಿಸೆಟ್’ ಎಂದವರೂ ಉಂಟು. ಆದರೆ ಜನರ ನಾಲಗೆಗೆ ಹತ್ತಿದ್ದು ದಯಾಳುವಾದ ವೈದ್ಯನ ಹೆಸರೇ. ಅವನೂ ಆ ಯಂತ್ರಕ್ಕೇ ಬಲಿಯಾದನೆಂಬುದು ಕಟ್ಟುಕಥೆ. 1814ರಲ್ಲಿ ಅವನು ಸತ್ತದ್ದು ಕಾಯಿಲೆಯಿಂದ.

ಕತ್ತಿ ಸಭೆಯೊಳಕ್ಕೆ ಬಂದದ್ದು ಲಂಡನ್ನಿನಲ್ಲಿ. ಐರ್ಲೆಂಡಿನ ಸದಸ್ಯರು ಮಾತನ್ನು ಬೆಳೆಸಿ ಬೆಳೆಸಿ ಕಲಾಪವನ್ನೇ ಕಟ್ಟಿಹಾಕುತ್ತಿದ್ದರು. 1887ರಲ್ಲಿ ಕಾಮನ್ಸ್ ಸಭೆ ಐರ್ಲೆಂಡಿನ ಮಸೂದೆಯೊಂದಕ್ಕೆ ಗಡುವನ್ನು ಗೊತ್ತುಪಡಿಸಿ, ಆ ಹೊತ್ತಿಗೆ ಉಳಿದುದೆಲ್ಲವನ್ನೂ ಚರ್ಚೆಯಿಲ್ಲದೆ ಮತಕ್ಕೆ ಹಾಕಿತು. ಇಲ್ಲಿ ತುಂಡಾದದ್ದು ತಲೆಯಲ್ಲ, ಮಾತು.

ನಮ್ಮಲ್ಲಿ ಈ ಪದ ಹಣಕ್ಕೆ ಅಂಟಿಕೊಂಡಿದೆ. ಸಂವಿಧಾನದ 113ನೆಯ ವಿಧಿಯಂತೆ ಸರ್ಕಾರದ ವೆಚ್ಚ ಲೋಕಸಭೆಯ ಮುಂದೆ ‘ಅನುದಾನದ ಬೇಡಿಕೆ’ಗಳಾಗಿ ಬರಬೇಕು. ಚರ್ಚೆಗೆ ದೊರೆಯುವುದು ಕೆಲವೇ ಸಚಿವಾಲಯಗಳು. ಗೊತ್ತಾದ ಕೊನೆಯ ದಿನ, ಗೊತ್ತಾದ ಗಂಟೆಗೆ, ಉಳಿದ ಬೇಡಿಕೆಗಳನ್ನೆಲ್ಲ ಸಭಾಧ್ಯಕ್ಷರು ಮತಕ್ಕೆ ಹಾಕುತ್ತಾರೆ. ಕಾಲವಿಲ್ಲದಾಗ ಈ ಏರ್ಪಾಟು ಬೇಕೇ ಬೇಕು. ಸರ್ಕಾರದ ಸಂಬಳ ಸಾರಿಗೆ ನಿಲ್ಲುವಂತಿಲ್ಲವಷ್ಟೆ. ಆದರೆ 2018ರಲ್ಲಿಯೂ 2023ರಲ್ಲಿಯೂ ಸದನ ಗದ್ದಲದಲ್ಲಿ ಮುಳುಗಿ, ಒಂದೇ ಒಂದು ಸಚಿವಾಲಯದ ಬೇಡಿಕೆಯೂ ಚರ್ಚೆಗೆ ಬಾರದೆ ಎಲ್ಲವೂ ಕತ್ತಿಯ ಕೆಳಗೆ ಹಾದುಹೋದವು. 2023ರಲ್ಲಿ ಹಾಗೆ ಒಪ್ಪಿಗೆ ಪಡೆದ ಮುಂಗಡಪತ್ರದ ಒಟ್ಟು ವೆಚ್ಚ ಸುಮಾರು 45 ಲಕ್ಷ ಕೋಟಿ ರೂಪಾಯಿ. ಮನೆಯ ತಿಂಗಳ ದಿನಸಿ ಪಟ್ಟಿಗೂ ಇದಕ್ಕಿಂತ ಹೆಚ್ಚು ವಾದವಾಗುತ್ತದೆ.

ಬೇಡಿಕೆಯಲ್ಲಿ ನೂರು ರೂಪಾಯಿ ಕಡಿತವಾಗಲೆಂದು ಸೂಚಿಸುವ ಹಕ್ಕು ಸದಸ್ಯನಿಗುಂಟು. ಉಳಿತಾಯಕ್ಕಲ್ಲ, ತನ್ನ ಊರಿನ ಬಾವಿಯೋ ಆಸ್ಪತ್ರೆಯೋ ಏನಾಯಿತೆಂದು ಮಂತ್ರಿಯನ್ನು ಕೇಳುವುದಕ್ಕೆ. ಗಂಟೆ ಬಾರಿಸಿದೊಡನೆ ಆ ನೂರು ರೂಪಾಯಿಯ ಸೂಚನೆಯೂ ಬಿದ್ದುಹೋಗುತ್ತದೆ.